ಗೋಡೆ ಇದೆಯಲ್ಲ, ಬೀರುವಿಗೆ ಅವಸರ ಬೇಡ

ಹೊಸ ಮನೆಗೆ ಬಂದ ಮೊದಲ ವಾರವೇ ದೊಡ್ಡ ಬೀರು ತರಬೇಡಿ. ಅದು ಬಂದು ಕೂತರೆ ಮಕ್ಕಳಿಗೆ ಆಡಲು ನೆಲವೇ ಉಳಿಯುವುದಿಲ್ಲ. ಅತ್ತ ಗೋಡೆಗಳೆಲ್ಲ ಸೊಂಟದಿಂದ ಮೇಲಕ್ಕೆ ಖಾಲಿ. ಒಂದೆರಡು ವಾರ ಪೆಟ್ಟಿಗೆಗಳಿಂದಲೇ ತೆಗೆದು ಬಳಸಿ. ಯಾವ ಸಾಮಾನಿಗೆ ಮತ್ತೆ ಮತ್ತೆ ಕೈ ಹೋಗುತ್ತದೆ ನೋಡಿಕೊಳ್ಳಿ. ಗೋಡೆಯ ಮೇಲೆ ಮೊದಲ ಜಾಗ ಅವಕ್ಕೆ.

ದಿನವೂ ಬೇಕಾದದ್ದು ಮೊಣಕಾಲಿಗೂ ಕಣ್ಣಿಗೂ ನಡುವೆ ಇರಲಿ. ಭಾರದ್ದು ಕೆಳಗೆ, ಖಾಲಿ ಸೂಟ್‌ಕೇಸಿನಂಥ ಹಗುರದ್ದು ಮೇಲೆ. ಅಳತೆ ತೆಗೆಯುವಾಗ ಮನೆಯಲ್ಲಿ ಎಲ್ಲರಿಗಿಂತ ಗಿಡ್ಡಗಿರುವವರನ್ನು ನಿಲ್ಲಿಸಿ, ಅವರ ಕೈ ಎಲ್ಲಿಗೆ ಎಟುಕುತ್ತದೋ ಅಲ್ಲಿ ಪೆನ್ಸಿಲ್ ಗೀಟು ಹಾಕಿ. ಗಾಲಿಕುರ್ಚಿಯಲ್ಲಿ ಓಡಾಡುವವರಿದ್ದರೆ ನೆಲದಿಂದ 15ರಿಂದ 48 ಅಂಗುಲ ಎಂಬ ಅಮೆರಿಕದ ಮಾನದಂಡ ಒಳ್ಳೆಯ ಲೆಕ್ಕ.

ಶೆಲ್ಫ್ ಹಾಕುವ ಮುನ್ನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಬಹುಶಃ ಜಿಪ್ಸಮ್ ಬೋರ್ಡ್, ಅಂದರೆ ಎರಡು ಕಾಗದದ ಪದರಗಳ ನಡುವೆ ಜಿಪ್ಸಮ್ ತುಂಬಿದ ತೆಳು ಹಲಗೆ. ಸಾಮಾನ್ಯವಾಗಿ ಅರ್ಧ ಅಂಗುಲ ದಪ್ಪ, ಅಷ್ಟೇ. ನಾನು ಮೊದಲು ಹಾಕಿದ ಪುಸ್ತಕದ ಶೆಲ್ಫ್ ಒಂದು ರಾತ್ರಿ ಬೋರ್ಡಿನ ಚೂರುಗಳ ಸಮೇತ ಕೆಳಗೆ ಬಿತ್ತು. ಕೆಳಗೆ ಯಾರೂ ಮಲಗಿರಲಿಲ್ಲ ಎಂಬುದು ಪುಣ್ಯ. ಮೀಟರ್ ಉದ್ದಕ್ಕೆ ಪುಸ್ತಕ ಜೋಡಿಸಿದರೆ 20 ಕಿಲೋ ಸುಲಭವಾಗಿ ದಾಟುತ್ತದೆ, ಬರೀ ಬೋರ್ಡಿಗೆ ಕಚ್ಚಿದ ಸ್ಕ್ರೂ ಅದನ್ನು ತಡೆಯದು. ಬೋರ್ಡಿನ ಹಿಂದೆ ಸಾಮಾನ್ಯವಾಗಿ 40 ಅಥವಾ 60 ಸೆಂಟಿಮೀಟರಿಗೊಂದು ಕಂಬ ಇರುತ್ತದೆ, ಸ್ಟಡ್ ಅನ್ನುತ್ತಾರೆ. ಪುಟ್ಟ ಅಯಸ್ಕಾಂತವನ್ನು ಗೋಡೆಯ ಮೇಲೆ ಮೆಲ್ಲಗೆ ಸರಿಸುತ್ತ ಹೋಗಿ; ಬೋರ್ಡನ್ನು ಕಂಬಕ್ಕೆ ಬಿಗಿದ ಸ್ಕ್ರೂಗಳು ಸಿಕ್ಕಲ್ಲಿ ಅದು ಅಂಟುತ್ತದೆ. ಅಂಥ ಗುರುತುಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಸಿಕ್ಕರೆ ಅದೇ ಕಂಬ. ಬ್ರಾಕೆಟ್ ಅಲ್ಲಿಗೇ ಬಿಗಿಯಿರಿ. ಸ್ವಿಚ್ಚು, ಪ್ಲಗ್ಗುಗಳ ನೇರ ಮೇಲೆ ಕೆಳಗೆ ಡ್ರಿಲ್ ಹಾಕಬೇಡಿ, ಒಳಗೆ ವೈರ್ ಹೋಗಿರುತ್ತದೆ.

ಬ್ರಾಕೆಟ್‌ಗಳ ಸಂಖ್ಯೆಯಲ್ಲಿ ಜಿಪುಣತನ ಬೇಡ, ಹತ್ತಿರ ಹತ್ತಿರ ಹಾಕಿ. ಅಂತರ ಎರಡರಷ್ಟಾದರೆ, ತುಂಬ ಸಾಮಾನು ಜೋಡಿಸಿದ ಹಲಗೆ ಸುಮಾರು 16 ಪಟ್ಟು ಬಾಗುತ್ತದೆ.

ತೆರೆದ ಶೆಲ್ಫಿಗೆ ಧೂಳು ಕೂರುತ್ತದೆ ನಿಜ, ಆದರೆ ಕಣ್ಣೆದುರಿಗಿದ್ದದ್ದನ್ನು ಹುಡುಕಬೇಕಿಲ್ಲ, ಮರೆತು ಇನ್ನೊಂದು ತರುವುದೂ ಇಲ್ಲ. ಅಡುಗೆಯ ಬಗ್ಗೆ ಬರೆದು ಹೆಸರಾದ ಜೂಲಿಯಾ ಚೈಲ್ಡ್ ಅವರ ಅಡುಗೆಮನೆಯಲ್ಲಿ ಪಾತ್ರೆಗಳೆಲ್ಲ ತೂತಿನ ಹಲಗೆಗೆ ಕೊಕ್ಕೆ ಹಾಕಿ ತೂಗುತ್ತಿದ್ದವು. ಪ್ರತಿ ಪಾತ್ರೆಯ ಸುತ್ತ ಅವರ ಗಂಡ ಪಾಲ್ ಅದರ ಆಕಾರದ ಗೆರೆ ಎಳೆದಿದ್ದರು. ಆ ಅಡುಗೆಮನೆ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಆ ಗೆರೆಯ ಉಪಾಯ ನನಗೆ ಬಹಳ ಹಿಡಿಸಿತು: ಯಾರು ತೊಳೆದರೂ, ಚಿಕ್ಕ ಮಗುವೇ ಆದರೂ, ಎಲ್ಲಿಡಬೇಕೆಂದು ಕೇಳಬೇಕಿಲ್ಲ.

ಬಾಡಿಗೆ ಮನೆಯಾದರೆ ತೂತು ಕೊರೆಯುವ ಮುನ್ನ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಪ್ಪದಿದ್ದರೆ ನೆಲದ ಮೇಲೆ ನಿಲ್ಲುವ ತೆರೆದ ಶೆಲ್ಫ್ ತನ್ನಿ, ಆದರೆ ಎತ್ತರದ್ದಾದರೆ ಅದಕ್ಕೂ ಗೋಡೆಗೆ ಪಟ್ಟಿ ಬಿಗಿಯಲೇಬೇಕು. ಮಕ್ಕಳು ಅದನ್ನು ಏಣಿಯಂತೆ ಹತ್ತುತ್ತಾರೆ. ಆ ಒಂದೆರಡು ಸ್ಕ್ರೂಗಾದರೂ ಮಾಲೀಕರನ್ನು ಒಪ್ಪಿಸಿ, ಇಲ್ಲವೇ ಎದೆಮಟ್ಟಕ್ಕಿಂತ ತಗ್ಗಿನ, ಅಗಲ ಬುಡದ ಶೆಲ್ಫನ್ನೇ ಆರಿಸಿ. ಡ್ರಿಲ್ ಇಲ್ಲದವರು, ಅದನ್ನು ಬಳಸಿ ಅಭ್ಯಾಸವಿಲ್ಲದವರು ನಮ್ಮ ಸಂಘದಲ್ಲಿ ಕೇಳಿ, ಬಂದು ಕೈಜೋಡಿಸುತ್ತೇವೆ.