ದೊಡ್ಡಪ್ಪನ ಅಂಬಾಸಿಡರ್ ಸೆಟ್ಟು ನನ್ನ ಸ್ಟುಡಿಯೋಗೆ ಬಂದದ್ದು

ದೊಡ್ಡಪ್ಪ ಅಂಬಾಸಿಡರ್ ಟ್ಯಾಕ್ಸಿ ಮಾರುವ ಹೊತ್ತಿಗೆ ಅದರ ಕ್ಯಾಸೆಟ್ ಸೆಟ್ಟನ್ನು ಮಾತ್ರ ಬಿಚ್ಚಿಸಿಕೊಂಡು ಮನೆಗೆ ತಂದಿದ್ದರು. ಡ್ಯಾಶ್‌ಬೋರ್ಡಿನ ಕೆಳಗೆ ಕಬ್ಬಿಣದ ಪಟ್ಟಿ ಹಾಕಿ ಕೂರಿಸಿದ್ದ ಸೆಟ್ಟು ಅದು. ಹಿಂದಿನ ಸೀಟಿನ ಬೆನ್ನ ಹಿಂದಿದ್ದ ಎರಡು ಮೊಟ್ಟೆಯಾಕಾರದ ಸ್ಪೀಕರ್‌ಗಳೂ ಜೊತೆಗೆ ಬಂದವು. ಮೈಸೂರಿನಲ್ಲಿ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ನಾನು ಸ್ಟುಡಿಯೋ ಮಾಡಿಕೊಂಡ ಮೇಲೆ, ತತ್ವಪದ ಹಾಡುವ ತಂಡವೊಂದರ ಧ್ವನಿಮುದ್ರಣದ ಸಮಯದಲ್ಲಿ ಅವು ನೆನಪಾದವು. ಏಕತಾರಿಯ ನಾದ ಮೈಕಿನಲ್ಲಿ ತೀರಾ ನುಣುಪಾಗಿ, ತೀರಾ ಚೊಕ್ಕವಾಗಿ ಬರುತ್ತಿತ್ತು. ಅಂಥ ಹಾಡುಗಳನ್ನು ನಾನು ಮೊದಲು ಕೇಳಿದ್ದೇ ಆ ಕಾರಿನಲ್ಲಿ. ಆ ಧ್ವನಿಗೊಂದು ಗಡಸು ಇತ್ತು, ಜೋರು ಮಾಡಿದರೆ ಗಾಯಕರ ಗಂಟಲು ಇನ್ನೂ ಹತ್ತಿರ ಬಂದಂತೆ ಕೇಳುತ್ತಿತ್ತು. ಕಂಪ್ಯೂಟರಿನಲ್ಲಿ ಧ್ವನಿ ಮಾರ್ಪಡಿಸುವ ಪ್ಲಗಿನ್‌ಗಳಲ್ಲಿ ಅದನ್ನು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಅಟ್ಟದಿಂದ ಸೆಟ್ಟನ್ನೇ ಇಳಿಸಿದೆ.

ಮೇಲಿನ ತಗಡು ಬಿಚ್ಚಿದ ಕೂಡಲೇ ಕಂಡದ್ದು ಬೆಲ್ಟಿನ ಅವಸ್ಥೆ. ಮೋಟಾರಿನಿಂದ ಫ್ಲೈವೀಲಿಗೆ (ಟೇಪಿನ ವೇಗ ಸಮವಾಗಿಡುವ ಭಾರದ ಚಕ್ರ) ಸುತ್ತಿದ್ದ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಮುಟ್ಟಿದರೆ ಬೆರಳಿಗೆ ಅಂಟಿ ಸೋಪಿಗೂ ಬಿಡುವುದಿಲ್ಲ. ಊದುಬತ್ತಿಯ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಫ್ಲೈವೀಲಿನ ಅಂಚು, ಮೋಟಾರಿನ ಪುಟ್ಟ ಗಾಲಿಯ ತೋಡು ಎಲ್ಲವನ್ನೂ ಒರೆಸಿದೆ. ಹತ್ತಿ ಬಿಳಿಯಾಗಿ ಹೊರಬರುವವರೆಗೆ ಎರಡು ಸಂಜೆ ಹಿಡಿಯಿತು. ಈ ಕೆಲಸದಲ್ಲಿ ಅವಸರ ಮಾಡಬೇಡಿ. ತೋಡಿನಲ್ಲಿ ಒಂದು ಚೂರು ಅಂಟು ಉಳಿದರೂ ಹೊಸ ಬೆಲ್ಟು ಪ್ರತಿ ಸುತ್ತಿಗೂ ಅಲ್ಲಿ ಎಡವುತ್ತದೆ, ಎಳೆದು ಹಾಡಿದ ಸ್ವರ ನಡುಗುತ್ತದೆ. ಟೇಪಿನಿಂದ ಧ್ವನಿ ಓದುವ ಹೆಡ್ಡನ್ನೂ ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರನ್ನೂ ಅದೇ ದ್ರವದಲ್ಲಿ ಒರೆಸಿದೆ, ರೋಲರಿನ ರಬ್ಬರಿಗೆ ಮಾತ್ರ ತೀರಾ ಹಗುರವಾಗಿ.

ಬೆಲ್ಟಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಒಂದು ಅಂಗಡಿಯಲ್ಲಿ ಬೆಲ್ಟುಗಳನ್ನು ಹೂಮಾಲೆಯಂತೆ ಮೊಳೆಗೆ ತೂಗುಹಾಕಿದ್ದರು.

"ಹಳೇ ಬೆಲ್ಟ್ ತಂದಿದೀರಾ ಸಾರ್?"

"ಅದು ಕರಗಿ ಹೋಗಿದೆ. ದಾರ ಸುತ್ತಿ ಅಳತೆ ತಗೊಂಡು ಬಂದಿದೀನಿ."

"ಹಂಗಾದ್ರೆ ದಾರಕ್ಕಿಂತ ಸ್ವಲ್ಪ ಚಿಕ್ಕದೇ ಹಾಕಿ. ಬಿಗಿ ಇರ್ಬೇಕು, ಆದ್ರೆ ಮೋಟಾರನ್ನ ಎಳೀಬಾರ್ದು."

ದಾರದ ಅಳತೆಗಿಂತ ನೂರಕ್ಕೆ ಐದರಷ್ಟು ಚಿಕ್ಕದಾದ, ಕತ್ತರಿಸಿದರೆ ಚೌಕವಾಗಿ ಕಾಣುವ ಬೆಲ್ಟು ಸರಿಯಾಗಿ ಕೂತಿತು.

ಆಮೇಲೆ ಕರೆಂಟಿನ ವಿಷಯ. ನನ್ನನ್ನು ಅತಿ ಹೆಚ್ಚು ದಿನ ಸತಾಯಿಸಿದ್ದು ಇದೇ. ಸಿಸಿಟಿವಿಗೆ ಬಳಸುವ 12 ವೋಲ್ಟಿನ ಅಡಾಪ್ಟರ್ ಮನೆಯಲ್ಲಿತ್ತು, ಅದನ್ನೇ ಕೊಟ್ಟೆ. ಸೆಟ್ಟು ಓಡಿತು, ಜೊತೆಗೆ ಸೊಳ್ಳೆ ಗುಂಯ್‌ಗುಡುವಂಥ ಸದ್ದೂ ಬಂತು. ಕ್ಯಾಸೆಟ್ ಹೆಡ್ಡಿನಿಂದ ಬರುವ ಸಿಗ್ನಲ್ ಒಂದು ಮಿಲಿವೋಲ್ಟಿಗೂ ಕಡಿಮೆ. ಕರೆಂಟನ್ನು ಅತಿ ವೇಗವಾಗಿ ಕಡಿದು ಕೂಡಿಸಿ ವೋಲ್ಟೇಜ್ ಇಳಿಸುವ ಇಂಥ ಸ್ವಿಚಿಂಗ್ ಅಡಾಪ್ಟರಿನ ಗಲಾಟೆ ಅದರೊಳಗೆ ಸುಲಭವಾಗಿ ನುಗ್ಗುತ್ತದೆ. ದೋಷ ಸೆಟ್ಟಿನದೋ ಕರೆಂಟಿನದೋ ತಿಳಿಯಲು ಒಂದು ಸರಳ ಪರೀಕ್ಷೆ ಮಾಡಿದೆ. ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ತೆಗೆದು ಸೆಟ್ಟಿಗೆ ಜೋಡಿಸಿದೆ. ಗುಂಯ್‌ ಎನ್ನುವುದು ಪೂರ್ತಿ ನಿಂತಿತು, ಟೇಪಿನ ಸಹಜವಾದ ಸುಯ್ ಮಾತ್ರ ಉಳಿಯಿತು. ಸೆಟ್ಟು ನಿರ್ದೋಷಿ ಎಂದು ಆವತ್ತು ಗೊತ್ತಾಯಿತು. ಹಳೆಯ ಕಾರಿನ ಸೆಟ್ಟು ಕೈಗೆ ಸಿಕ್ಕವರು ಯಾವುದಕ್ಕೂ ಮುನ್ನ ಈ ಪರೀಕ್ಷೆ ಮಾಡಿ, ಹತ್ತು ದಿನದ ಅಲೆದಾಟ ಉಳಿಯುತ್ತದೆ. ಬ್ಯಾಟರಿಗೆ ಜೋಡಿಸುವ ಮುಂಚೆ ಪಾಸಿಟಿವ್ ತಂತಿಯಲ್ಲಿ 2 ಆಂಪಿಯರ್ ಫ್ಯೂಸ್ ಇರಲೇಬೇಕು. ಸೆಟ್ಟಿನ ತಗಡು ನೆಗೆಟಿವ್‌ಗೆ ಸೇರಿದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಿ. ಬ್ರಿಟಿಷ್ ವಿನ್ಯಾಸದ ತುಂಬ ಹಳೆಯ ಕಾರುಗಳಲ್ಲಿ ತಗಡಿಗೆ ಪಾಸಿಟಿವ್ ಸೇರಿರುತ್ತಿತ್ತು. ಅಂಥ ಕಾಲದ ರೇಡಿಯೋಗೆ ಕಣ್ಣುಮುಚ್ಚಿ ಕರೆಂಟು ಕೊಟ್ಟರೆ ಅದು ಅಲ್ಲಿಗೇ ಮುಗಿಯಿತು.

ದಿನವೂ ಬ್ಯಾಟರಿಯಲ್ಲಿ ನಡೆಸುವುದು ಕಷ್ಟ, ಹಾಗಾಗಿ ಹಳೇ ಪದ್ಧತಿಯ ಪವರ್ ಸಪ್ಲೈ ಕಟ್ಟಿದೆ. 15 ವೋಲ್ಟ್, 3 ಆಂಪಿಯರ್‌ನ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, 10,000 ಮೈಕ್ರೋಫ್ಯಾರಡ್ ಕೆಪಾಸಿಟರ್, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಎಲ್ಎಂ338 ರೆಗ್ಯುಲೇಟರ್. ರೆಗ್ಯುಲೇಟರಿಗೆ 240 ಓಮ್ ಮತ್ತು 2.4ಕೆ (2400 ಓಮ್) ರೆಸಿಸ್ಟರ್ ಹಾಕಿದರೆ ಲೆಕ್ಕದ ಪ್ರಕಾರ 13.75 ವೋಲ್ಟ್ ಬರುತ್ತದೆ. ನನಗೆ ಬೇಕಿದ್ದದ್ದೂ ಅಷ್ಟೇ. ಕಾರಿನ ಬ್ಯಾಟರಿ 12 ವೋಲ್ಟಿನದು ಎನ್ನುತ್ತೇವೆ, ಆದರೆ ಎಂಜಿನ್ ಓಡುವಾಗ ಅಲ್ಲಿರುವುದು ಸುಮಾರು 14 ವೋಲ್ಟ್. ಈ ಸೆಟ್ಟುಗಳನ್ನು ಮಾಡಿರುವುದೇ ಆ ವೋಲ್ಟೇಜಿಗೆ. ರೆಗ್ಯುಲೇಟರಿನಲ್ಲಿ 6 ವೋಲ್ಟಿನಷ್ಟು ಇಳಿಯುವುದರಿಂದ ಅದು ಚೆನ್ನಾಗಿ ಬಿಸಿಯಾಗುತ್ತದೆ, ಅಂಗೈ ಅಗಲದ ಹೀಟ್‌ಸಿಂಕ್ ಬೇಕು.

ಇಷ್ಟೆಲ್ಲ ಮಾಡಿ ಆನ್ ಮಾಡಿದರೆ ಮತ್ತೆ ಹಮ್! ಈ ಸಲ ಗುಂಯ್‌ಗುಡುವ ಸದ್ದಲ್ಲ, 50 ಹರ್ಟ್ಜಿನ ದಪ್ಪ ಹಮ್. ಸಪ್ಲೈಯನ್ನು ಅನುಮಾನಿಸಿ ಕೆಪಾಸಿಟರ್ ಬದಲಿಸಿದೆ, ಅರ್ಥಿಂಗ್ ಬದಲಿಸಿದೆ, ಏನೂ ಆಗಲಿಲ್ಲ. ಒಂದು ರಾತ್ರಿ ಜಾಗ ಸಾಲದೆಂದು ಸಪ್ಲೈಯ ಪೆಟ್ಟಿಗೆಯನ್ನು ಮೇಜಿನಿಂದ ನೆಲಕ್ಕೆ ಇಳಿಸುತ್ತಿದ್ದಾಗ ಕೈಯಲ್ಲಿರುವಾಗಲೇ ಹಮ್ ಕರಗುತ್ತಾ ಹೋಯಿತು. ಮತ್ತೆ ಮೇಲಕ್ಕೆ ತಂದೆ, ಬಂತು. ಕೆಳಗಿಳಿಸಿದೆ, ಹೋಯಿತು. ತಂತಿಯಲ್ಲಿ ಏನೂ ತಪ್ಪಿರಲಿಲ್ಲ. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಕ್ಯಾಸೆಟ್ ಹೆಡ್ಡು ನೇರವಾಗಿ ಹಿಡಿಯುತ್ತಿತ್ತು. ಕಾಂತಕ್ಷೇತ್ರ ಹಿಡಿಯುವುದೇ ಹೆಡ್ಡಿನ ಕೆಲಸ, ಟೇಪಿನದು ಯಾವುದು ಟ್ರಾನ್ಸ್‌ಫಾರ್ಮರಿನದು ಯಾವುದು ಎಂದು ಅದಕ್ಕೆ ತಿಳಿಯಬೇಕಾದರೂ ಹೇಗೆ? ಅಂದಿನಿಂದ ಸಪ್ಲೈ ಪ್ರತ್ಯೇಕ ಪೆಟ್ಟಿಗೆಯಲ್ಲಿ, ಒಂದೂವರೆ ಮೀಟರ್ ದೂರದಲ್ಲಿ ನೆಲದ ಮೇಲಿದೆ. ಎರಡನ್ನೂ ಒಂದೇ ರ‍್ಯಾಕಿಗೆ ಹಾಕಿ ಅಂದ ಮಾಡುವ ಆಸೆ ನನಗೂ ಇತ್ತು, ಬಿಟ್ಟುಬಿಟ್ಟೆ.

ಇನ್ನು ಧ್ವನಿ ತೆಗೆಯುವುದು. ಇಲ್ಲಿ ನಾನು ಕಲಿತದ್ದನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕೆನಿಸುತ್ತದೆ. ಬೇರೆ ಉಪಕರಣಕ್ಕೆ ಧ್ವನಿ ಕೊಡುವ ಲೈನ್ ಔಟ್ ಸೆಟ್ಟಿನಲ್ಲಿ ಇಲ್ಲ. ವಾಲ್ಯೂಮ್ ಗುಂಡಿಯ ಹಿಂದಿರುವ ಹೊಂದಿಸಬಹುದಾದ ರೆಸಿಸ್ಟರ್, ಅಂದರೆ ಪಾಟ್‌ನ ಮೊದಲ ಕಾಲಿನಿಂದ ಸಿಗ್ನಲ್ ತೆಗೆದರೆ ಸ್ವಚ್ಛವಾಗಿ ಸಿಗುತ್ತದೆ ಎಂದುಕೊಂಡು ಹಾಗೇ ಮಾಡಿದೆ. ಸ್ವಚ್ಛವಾಗಿಯೇ ಸಿಕ್ಕಿತು, ಆದರೆ ನಾನು ಹುಡುಕುತ್ತಿದ್ದ ಧ್ವನಿ ಅದರಲ್ಲಿ ಇರಲಿಲ್ಲ. ಮಾಮೂಲಿ ಟೇಪ್ ಡೆಕ್ಕಿನಂತೆ, ಸ್ವಲ್ಪ ಮಂಕಾಗಿ ಕೇಳಿಸಿತು, ಅಷ್ಟೇ. ದೊಡ್ಡಪ್ಪನ ಕಾರಿನಲ್ಲಿ ನಾವು ಕೇಳುತ್ತಿದ್ದದ್ದು ಸ್ಪೀಕರನ್ನು ನೂಕುತ್ತಾ ಏದುಸಿರು ಬಿಡುತ್ತಿದ್ದ ಆಂಪ್ಲಿಫೈಯರನ್ನು. ಈ ಸೆಟ್ಟಿನಲ್ಲಿ ಅದು ಎರಡು ಟಿಡಿಎ2003 ಐಸಿಗಳು (ಚಿಪ್ಪುಗಳು), ಚಾನೆಲ್ಲಿಗೊಂದು. ಕಾರ್ ರೇಡಿಯೋಗೆಂದೇ ಮಾಡಿದ ಐದು ಕಾಲಿನ ಐಸಿ ಅದು. 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ 6 ವ್ಯಾಟ್ ಕೊಡುತ್ತದೆ. ಆ 6 ವ್ಯಾಟೂ ನೂರಕ್ಕೆ ಹತ್ತರಷ್ಟು ವಿರೂಪ ಒಪ್ಪಿಕೊಂಡ ಲೆಕ್ಕ. ನನಗೆ ಬೇಕಿದ್ದ ಗಡಸು ಆ ವಿರೂಪದಲ್ಲೇ ಇತ್ತು.

ಹಾಗಾಗಿ ಸ್ಪೀಕರಿನ ತಂತಿಯಿಂದಲೇ ಸಿಗ್ನಲ್ ತೆಗೆಯಲು ನಿರ್ಧರಿಸಿದೆ. ಆದರೆ ಸ್ಪೀಕರ್ ಇಲ್ಲದೆ, ಧ್ವನಿಯನ್ನು ಕಂಪ್ಯೂಟರಿಗೆ ಒಯ್ಯುವ ಇಂಟರ್‌ಫೇಸಿಗೆ ಜೋಡಿಸಿದರೆ ಆಂಪಿಗೆ ಹೊರೆಯೇ ಇರುವುದಿಲ್ಲ. ಹೊರೆ ಇಲ್ಲದ ಎತ್ತು ಏರಿನಲ್ಲೂ ಏದುಸಿರು ಬಿಡುವುದಿಲ್ಲ. 4.7 ಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರನ್ನು ಸ್ಪೀಕರಿನ ಜಾಗದಲ್ಲಿ ಹಾಕಿದೆ. ಐಸಿಯ ಹೊರದಾರಿಯಲ್ಲಿ 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇದೆ. 4 ಓಮಿನ ಹೊರೆಗೆ ಅದು 40 ಹರ್ಟ್ಜಿನ ಕೆಳಗೆ ನಾದವನ್ನು ಇಳಿಸುತ್ತಾ ಹೋಗುತ್ತದೆ, ಹೊರೆ ಇಲ್ಲದಿದ್ದರೆ ಇಳಿಸುವುದಿಲ್ಲ. ದಮ್ಮಡಿಯ ಪೆಟ್ಟು ಹೊರೆ ಹಾಕಿದ ಮೇಲೆ ಎಷ್ಟು ಬಿಗಿಯಾಯಿತೆಂದರೆ, ಎರಡನ್ನೂ ಹಿಂದೆ ಮುಂದೆ ಕೇಳಿಸಿದಾಗ ತಂಡದ ಹಿರಿಯರು "ಎರಡನೇದೇ ಇರ್ಲಿ ಬಿಡಪ್ಪಾ" ಎಂದು ತಕ್ಷಣ ಹೇಳಿದರು.

ಆಂಪ್ ಏದುಸಿರು ಬಿಡುವ ಹೊತ್ತಿಗೆ ಸ್ಪೀಕರ್ ತುದಿಯಲ್ಲಿ 5 ವೋಲ್ಟಿನ ಹತ್ತಿರ ಇರುತ್ತದೆ. ಸ್ಟುಡಿಯೋ ಉಪಕರಣಗಳ ನಡುವೆ ಓಡಾಡುವ ಸಿಗ್ನಲಿನ ಮಟ್ಟ, ಅಂದರೆ ಲೈನ್ ಲೆವೆಲ್, ಸುಮಾರು 1.2 ವೋಲ್ಟ್. 3.3ಕೆ ಮತ್ತು 1ಕೆ ರೆಸಿಸ್ಟರುಗಳಲ್ಲಿ ಅದನ್ನು ತಗ್ಗಿಸಿ, ಅಲ್ಲಿಂದ 600 ಓಮಿನ ಆಡಿಯೋ ಟ್ರಾನ್ಸ್‌ಫಾರ್ಮರಿನ ಮೂಲಕ ಇಂಟರ್‌ಫೇಸಿಗೆ ಕೊಟ್ಟೆ. ಸೆಟ್ಟಿಗೂ ಕಂಪ್ಯೂಟರಿಗೂ ಅರ್ಥ್ ಮೂಲಕ ಇದ್ದ ನಂಟು ಇದರಿಂದ ಕಡಿದು ಹೋಗುತ್ತದೆ. ಮೊದಲು ಟೆಲಿಫೋನ್ ಲೈನಿಗೆ ಬಳಸುವ, ಬೆರಳ ಉಗುರಿನಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ತಂದಿದ್ದೆ. ಮಾತಿಗೆ ಸಾಕು, ತಬಲದ ಎಡಗೈಯ ನಾದಕ್ಕೆ ಸಾಲದು. ಅದು ಪೂರ್ತಿ ನಲುಗಿತು. ದೊಡ್ಡದನ್ನು ಹಾಕಿದ ಮೇಲೆ ಸರಿಹೋಯಿತು.

ಈ ದಾರಿ ಎಲ್ಲ ಸೆಟ್ಟಿಗೂ ಹೊಂದುವುದಿಲ್ಲ. ಇದರ ಬೆನ್ನಿಗೇ ನಾನು ಇನ್ನೊಂದು ಸೆಟ್ಟು ತಂದೆ, ಸ್ವಲ್ಪ ಹೊಸದು. ಅದರ ಸ್ಪೀಕರ್ ನೆಗೆಟಿವ್ ತಂತಿಯನ್ನೂ ಇದರಂತೆಯೇ ತಗಡಿಗೆ ಸೇರಿಸಿದೆ. ಚಟ್ ಎಂದು ಐಸಿ ಸುಟ್ಟಿತು. ಅಲ್ಲಿ ಸ್ಪೀಕರಿನ ಎರಡೂ ತಂತಿಗಳನ್ನು ಬೇರೆ ಬೇರೆ ಆಂಪ್ ನೂಕುತ್ತದೆ, ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜ್ ಇರುತ್ತದೆ, ಯಾವುದೂ ಅರ್ಥ್ ಅಲ್ಲ. ಸೆಟ್ಟು ಆನ್ ಮಾಡಿ ಸ್ಪೀಕರ್ ನೆಗೆಟಿವ್‌ಗೂ ತಗಡಿಗೂ ನಡುವೆ ಮೀಟರ್ ಹಿಡಿಯಿರಿ. 6 ವೋಲ್ಟಿನ ಆಸುಪಾಸು ತೋರಿಸಿದರೆ ಎರಡು ತಂತಿಯನ್ನೂ ತಗಡಿಗೆ ತಾಗಿಸಲೇಬೇಡಿ.

ಹಾಡನ್ನು ಸೆಟ್ಟಿನೊಳಗೆ ಕಳಿಸಲು ಎರಡು ದಾರಿ ಮಾಡಿಕೊಂಡಿದ್ದೇನೆ. ಒಂದು, ವಾಲ್ಯೂಮ್ ಪಾಟಿಗೆ ಬರುವ ತಂತಿಯನ್ನು ಕತ್ತರಿಸಿ ನಡುವೆ ಸ್ವಿಚ್ ಹಾಕಿದೆ, ಒಂದು ಕಡೆ ಟೇಪು, ಇನ್ನೊಂದು ಕಡೆ ಕಂಪ್ಯೂಟರ್. ಐಸಿ ಸಿಗ್ನಲನ್ನು ನೂರು ಪಟ್ಟು ಹೆಚ್ಚಿಸುತ್ತದೆ, ಆದ್ದರಿಂದ ಕಂಪ್ಯೂಟರಿನ ಲೈನ್ ಲೆವೆಲನ್ನು 47ಕೆ ಮತ್ತು 4.7ಕೆ ರೆಸಿಸ್ಟರಿನಲ್ಲಿ ಮೊದಲೇ ತಗ್ಗಿಸಬೇಕು. ಇಲ್ಲದಿದ್ದರೆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಕಿರುಚುತ್ತದೆ. ಹೀಗೆ ಹೋಗಿ ಬಂದ ಧ್ವನಿ ಕಂಪ್ಯೂಟರಿಗೆ ಸ್ವಲ್ಪ ತಡವಾಗಿ ಮರಳುತ್ತದೆ. ಮೊದಲು ಒಂದು ಕ್ಲಿಕ್ ಕಳಿಸಿ, ಎಷ್ಟು ಹಿಂದೆ ಬಿತ್ತು ನೋಡಿ, ಅಷ್ಟು ಮುಂದಕ್ಕೆ ಸರಿಸಿಕೊಳ್ಳುತ್ತೇನೆ. ಇದನ್ನು ಬಿಟ್ಟರೆ ಮೂಲ ಧ್ವನಿಯೊಂದಿಗೆ ಬೆರೆಸಿದಾಗ ಗಾಯಕರು ಕೊಳವೆಯೊಳಗೆ ಕೂತು ಹಾಡಿದಂತಾಗುತ್ತದೆ.

ಇನ್ನೊಂದು ದಾರಿ ನಿಜವಾದ ಕ್ಯಾಸೆಟ್ಟು. ಕಾರಿನ ಸೆಟ್ಟು ಓದುತ್ತದೆ, ಬರೆಯುವುದಿಲ್ಲ. ಆದ್ದರಿಂದ ಮನೆಯ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿ ಇದರಲ್ಲಿ ನುಡಿಸುತ್ತೇನೆ. ಇಲ್ಲಿ ಶ್ರುತಿಯದೇ ದೊಡ್ಡ ಸಮಸ್ಯೆ. 3000 ಹರ್ಟ್ಜಿನ ಸ್ವರವನ್ನು ಮುದ್ರಿಸಿ ಇದರಲ್ಲಿ ಹಾಕಿದಾಗ 3085 ತೋರಿಸಿತು. ಹೆಚ್ಚುಕಡಿಮೆ ಅರ್ಧ ಸೆಮಿಟೋನ್ (ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ಅರ್ಧ), ಏಕತಾರಿಯ ಜೊತೆ ಹಾಡುವವರ ಕಿವಿಗೆ ಅದು ಸಹಿಸಲಾಗದಷ್ಟು ದೂರ. ಮೋಟಾರಿನ ಬೆನ್ನಲ್ಲಿ ಒಂದು ಪುಟ್ಟ ತೂತಿದೆ, ಒಳಗೆ ವೇಗ ಹೊಂದಿಸುವ ಟ್ರಿಮ್ಮರ್. ಸಣ್ಣ ಸ್ಕ್ರೂಡ್ರೈವರ್ ಇಳಿಸಿ, ಉಸಿರು ಬಿಗಿಹಿಡಿದು ತಿರುಗಿಸುತ್ತಾ 3002ಕ್ಕೆ ತಂದು ನಿಲ್ಲಿಸಿದೆ. ಆದರೂ ಮೂರು ನಿಮಿಷದ ಹಾಡು ಕಂಪ್ಯೂಟರಿನ ಜೊತೆ ಕೊನೆಯವರೆಗೆ ಸರಿಯಾಗಿ ಓಡುವುದಿಲ್ಲ. ಪ್ರತಿ ಚರಣದ ಮುಂದೆ ಒಂದು ಚಪ್ಪಾಳೆ ಮುದ್ರಿಸಿಟ್ಟು, ಚರಣ ಚರಣವಾಗಿ ಕೂರಿಸುತ್ತೇನೆ.

ಇಡೀ ಹಾಡನ್ನು ಸೆಟ್ಟಿನ ಮೂಲಕ ಹಾಯಿಸಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲಿ 10 ಕಿಲೋಹರ್ಟ್ಜಿನ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ಕನ್ನಡದಲ್ಲಿ ಸ, ಶ, ಷ ಮೂರೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒತ್ತಕ್ಷರ ಮಬ್ಬಾಗುತ್ತದೆ. ತತ್ವಪದದಲ್ಲಿ ಪದವೇ ಹೋದರೆ ಇನ್ನೇನು ಉಳಿಯಿತು? ಮೈಕಿನ ಧ್ವನಿಯನ್ನು ಹಾಗೇ ಮುಂದಿಟ್ಟು, ಸೆಟ್ಟಿನಿಂದ ಬಂದದ್ದನ್ನು ಅದರ ಅಡಿಯಲ್ಲಿ ಹಾಸುತ್ತೇನೆ. ಅದನ್ನು ಮ್ಯೂಟ್ ಮಾಡಿದಾಗ ಏನೋ ಖಾಲಿ ಅನಿಸಬೇಕು, ಹಾಕಿದಾಗ ಅದು ಇದೆ ಎಂದು ಗೊತ್ತಾಗಬಾರದು. ಏಕತಾರಿಯನ್ನು ಮಾತ್ರ ಧಾರಾಳವಾಗಿ ಕಳಿಸುತ್ತೇನೆ. ತಂತಿ ಮೀಟಿದ ಕೂಡಲೇ ಆಂಪ್ ಒಂದು ಕ್ಷಣ ಬಿಗಿದು, ನಾದ ಕೆಳಗಿಳಿಯುವಾಗ ಸಡಿಲವಾಗುತ್ತದೆ. ನನಗೆ ಕಾರಿನ ನೆನಪು ತಂದದ್ದು ಆ ಬಿಗಿ-ಸಡಿಲವೇ.

ಮೊಟ್ಟೆಯಾಕಾರದ ಸ್ಪೀಕರ್‌ಗಳಲ್ಲಿ ಒಂದರ ಕಾಗದದ ಕೋನು ಹರಿದಿತ್ತು. ಟಿಶ್ಯೂ ಕಾಗದದ ತುಣುಕಿಗೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ ಎರಡೂ ಬದಿಯಿಂದ ಮೆತ್ತಿದೆ, ಒಣಗಿದ ಮೇಲೆ ಗುರುತೇ ಸಿಗದಂತಾಯಿತು. ಅದಕ್ಕೊಂದು ಪ್ಲೈವುಡ್ ಪೆಟ್ಟಿಗೆ ಮಾಡಿ ಮಿಕ್ಸಿಂಗ್ ಮೇಜಿನ ಮೇಲಿಟ್ಟಿದ್ದೇನೆ, ಮೊನೊದಲ್ಲಿ ಕೇಳಲು. ಪದ ಸ್ಪಷ್ಟವಾಗಿದೆಯೇ, ಧ್ವನಿ ವಾದ್ಯದಡಿ ಮುಳುಗಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯದು ನನ್ನಲ್ಲಿಲ್ಲ. ಬಾಸ್ ವಿಷಯದಲ್ಲಿ ಮಾತ್ರ ಇದನ್ನು ನಂಬುವುದಿಲ್ಲ. ಮುಚ್ಚಿದ ಕಾರಿನ ಪುಟ್ಟ ಜಾಗ ತಗ್ಗಿನ ನಾದವನ್ನು ತಾನೇ ಹೆಚ್ಚಿಸುತ್ತದೆ. ಅದೇ ಸ್ಪೀಕರ್ ಕೋಣೆಯಲ್ಲಿ ತೆಳ್ಳಗೆ ಕೇಳುತ್ತದೆ. ಅದನ್ನು ನಂಬಿ ಬಾಸ್ ಏರಿಸಿದ ಒಂದು ಹಾಡು ಬೇರೆಯವರ ಕಾರಿನಲ್ಲಿ ಬಾಗಿಲು ಅದುರಿಸಿತ್ತು.

ಉಳಿದಿರುವ ತೊಂದರೆ ವಾಲ್ಯೂಮ್ ಗುಂಡಿಯದು. ಒಂದರೊಳಗೊಂದು ಎರಡು ದಂಡ, ಒಳಗಿನದು ವಾಲ್ಯೂಮ್, ಹೊರಗಿನದು ಟೋನ್, ಹಿಂದೆ ಆನ್-ಆಫ್ ಸ್ವಿಚ್ಚೂ ಸೇರಿರುವ ಪಾಟ್ ಅದು. ಎಡ ಚಾನೆಲ್ಲಿನಲ್ಲಿ ಕರಕರ ಎನ್ನುತ್ತದೆ. ಕ್ಲೀನರ್ ಸ್ಪ್ರೇ ಹೊಡೆದರೆ ಒಂದು ವಾರ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಶುರು. ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಎರಡೂ ಕಡೆ ಹುಡುಕಿದೆ, ಇದಕ್ಕೆ ಹೊಂದುವುದು ಸಿಕ್ಕಿಲ್ಲ. ಸದ್ಯಕ್ಕೆ ಕರಕರ ಇಲ್ಲದ ಜಾಗದಲ್ಲಿ ಗುಂಡಿ ನಿಲ್ಲಿಸಿ, ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೇನೆ. ಜೋರು ನಿಧಾನವೆಲ್ಲ ಕಂಪ್ಯೂಟರಿನ ಕಡೆಯಿಂದಲೇ ಮಾಡುತ್ತೇನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಅಂಥ ಪಾಟ್ ಇದ್ದರೆ, ಹಳೇ ಸೆಟ್ಟಿನಿಂದ ಬಿಚ್ಚಿದ್ದಾದರೂ ಸರಿ, ನನಗೆ ಬೇಕು.