ಕ್ಯಾಸ್ಕೇಡಿಯಾ ಬಾವುಟ: ಮರ ಹೊಲಿಯುವ ಬಗೆ

ಕ್ಯಾಸ್ಕೇಡಿಯಾ ಬಾವುಟಕ್ಕೆ ಕೂತಾಗ ನನ್ನ ಹೊತ್ತೆಲ್ಲ ಹೋಗುವುದು ನಡುವಿನ ಮರಕ್ಕೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ, ವಾಷಿಂಗ್ಟನ್, ಆರೆಗನ್ ಸೇರಿದ ಕ್ಯಾಸ್ಕೇಡಿಯಾ ಸೀಮೆಗೆಂದು ಅಲೆಕ್ಸಾಂಡರ್ ಬರೆಟಿಚ್ 1990ರ ದಶಕದಲ್ಲಿ ರೂಪಿಸಿದ ಬಾವುಟ ಇದು. ಮೇಲಿನ ನೀಲಿ ಪಟ್ಟಿ ಎಂದರೆ ಆಕಾಶ ಮತ್ತು ನೀರು, ನಡುವಿನ ಬಿಳಿ ಪಟ್ಟಿ ಹಿಮ ಮತ್ತು ಮೋಡ, ಕೆಳಗಿನ ಹಸಿರು ಪಟ್ಟಿ ಕಾಡು. ಮರ ಡಗ್ಲಸ್ ಫರ್, ಸೂಜಿ ಎಲೆಯ ಎತ್ತರದ ಕಾಡುಮರ. ಹಳೆಯ ಮರದ ತೊಗಟೆ 30 ಸೆಂ.ಮೀ.ವರೆಗೂ ದಪ್ಪಗಾಗುವುದರಿಂದ ಕಾಳ್ಗಿಚ್ಚು ಹಾದುಹೋದರೂ ಅದು ಬದುಕಿಕೊಳ್ಳುತ್ತದೆ. ತಾಳಿಕೆಯ ಗುರುತಾಗಿ ಅದು ಬಾವುಟಕ್ಕೆ ಬಂದದ್ದು ಸುಮ್ಮನೆ ಅಲ್ಲ.

ಹಾಗಾಗಿ ಕಾಗದ ಎರಡಾಗಿ ಮಡಚಿ ಮರದ ಅಚ್ಚು ಕತ್ತರಿಸಬೇಡಿ. ಎಡಬಲ ಒಂದೇ ಸಮ ಬಂದರೆ ಅದು ಕ್ರಿಸ್‌ಮಸ್ ಮರ. ಡಗ್ಲಸ್ ಫರ್‌ನ ಕೆಳಗಿನ ಕೊಂಬೆಗಳು ಜೋತಿರುತ್ತವೆ, ಮೇಲಿನವು ತುಸು ಮೇಲೆದ್ದಿರುತ್ತವೆ, ನಡುನಡುವೆ ಆಕಾಶ ಕಾಣುವ ಸಂದುಗಳಿರುತ್ತವೆ. ಕೊಂಬೆಯ ತುದಿ 8 ಮಿ.ಮೀ.ಗಿಂತ ಸಣ್ಣಗಿದ್ದರೆ ಎರಡೂ ಕಡೆಯ ಝಿಗ್‌ಝಾಗ್ ಹೊಲಿಗೆ ಸೇರಿ ಬಟ್ಟೆಯನ್ನೇ ನುಂಗುತ್ತದೆ, ದಾರದ ಗಂಟು ಮಾತ್ರ ಉಳಿಯುತ್ತದೆ.

90×150 ಸೆಂ.ಮೀ. ಬಾವುಟಕ್ಕೆ ನೈಲಾನ್ ಪಟ್ಟಿಗಳ ಉದ್ದ 156.5 ಸೆಂ.ಮೀ.; ಹಾರುವ ತುದಿಯ ಮಡಿಕೆಗೆ 5, ಕಂಬದ ಕಡೆಯ ಕ್ಯಾನ್ವಾಸ್ ಪಟ್ಟಿಯೊಳಗೆ ಸೇರಲು 1.5. ಜೋಡಣೆ, ಮಡಿಕೆಗೆ ಬೇಕಾದ ಬಟ್ಟೆಯೂ ಸೇರಿ ಬಿಳಿ ಪಟ್ಟಿಯ ಅಗಲ 33, ನೀಲಿ, ಹಸಿರು ತಲಾ 33.5. ಮೂರನ್ನೂ ಜೋಡಿಸಿದ ಮೇಲೆಯೇ ಮರ.

ಮರಕ್ಕೆ ನಾನು ಬಳಸುವುದು ಕಪ್ಪಿಗೆ ಹತ್ತಿರದ ಕಡು ಹಸಿರು. ತಿಳಿಯಾದರೆ ಬುಡ ಕೆಳಪಟ್ಟಿಯಲ್ಲಿ ಕರಗುತ್ತದೆ. ಬಟ್ಟೆಯನ್ನು ಮುಂಭಾಗಕ್ಕೆ ಹಾಸಿ, ಹಿಂದೆ ತೆಳು ಕಾಗದ ಇಟ್ಟು, ಮರದ ಆಕಾರದ ಅಂಚಿನುದ್ದಕ್ಕೂ 3 ಮಿ.ಮೀ. ಅಗಲದ ಒತ್ತು ಝಿಗ್‌ಝಾಗ್ ಹೊಡೆಯಿರಿ. ಕಾಗದ ಬಿಟ್ಟರೆ ಓರೆ ಅಂಚುಗಳು ಸುಕ್ಕುಗಟ್ಟುತ್ತವೆ, ಇಸ್ತ್ರಿಗೂ ಸರಿಹೋಗುವುದಿಲ್ಲ. ಆಮೇಲೆ ಕಾಗದ ಹರಿದು ತೆಗೆದು, ಹೊಲಿಗೆಯ ಹೊರಗಿನ ಹೆಚ್ಚುವರಿ ಬಟ್ಟೆ ಕತ್ತರಿಸಿ.

ಇನ್ನೊಂದು ಕೆಲಸವನ್ನು ಬಹಳಷ್ಟು ಜನ ಬಿಡುತ್ತಾರೆ. ಬಾವುಟ ತಿರುಗಿಸಿ, ಮರದ ಹಿಂದಿರುವ ಪಟ್ಟಿಗಳನ್ನು ಹೊಲಿಗೆಯಿಂದ 3 ಮಿ.ಮೀ. ಬಿಟ್ಟು ಕತ್ತರಿಸಿ ತೆಗೆಯಬೇಕು. ಹಾಗೇ ಬಿಟ್ಟರೆ ಹಿಂಬದಿಯಿಂದ ಮರ ಕಾಣುವುದಿಲ್ಲ, ಬಿಸಿಲಿಗೆ ಹಾರಿದಾಗ ಹಿಂದಿನ ಬಿಳಿ ಪಟ್ಟಿ ಕಾಂಡಕ್ಕೆ ಅಡ್ಡಲಾಗಿ ಬಿಳಿಚಿ ಕಾಣುತ್ತದೆ. ಮೊಂಡು ತುದಿಯ ಕತ್ತರಿಯೇ ಬೇಕು. ಚೂಪು ತುದಿ ಮುಂದಿನ ಬಟ್ಟೆಗೂ ತೂರುತ್ತದೆ, ಆ ತೂತಿಗೆ ತೇಪೆ ಹಾಕಿದರೆ ಎರಡೂ ಬದಿಗೆ ಕಾಣುತ್ತದೆ.