ಹೊಸದಾಗಿ ಕಾಲೇಜ್ ಲೈಬ್ರರಿಗೆ ಸೇರಿರೋರು ಒಬ್ಬೊಬ್ಬರೇ ಒದ್ದಾಡಬೇಡಿ

ತುಮಕೂರು ಕಡೆ ಈ ವರ್ಷ ಲೈಬ್ರೇರಿಯನ್ ಆಗಿ ಸೇರಿರೋ ತಮ್ಮ ತಂಗಿಯರಿಗೆ ಒಂದು ಮಾತು. ನಮ್ಮ ಎಷ್ಟೋ ಕಾಲೇಜಲ್ಲಿ ಲೈಬ್ರೇರಿಯನ್ ಅಂತ ಇರೋದೇ ಒಬ್ಬರು, ಡೌಟ್ ಬಂದ್ರೆ ಪಕ್ಕದ ಟೇಬಲ್‌ನಲ್ಲಿ ಕೇಳೋಕೆ ಯಾರೂ ಇರಲ್ಲ, ಅದಕ್ಕೇ ಗುಬ್ಬಿ, ತಿಪಟೂರು, ಶಿರಾ ಹೀಗೆ ಹತ್ತಿರದ ಊರಿನ ಕಾಲೇಜಲ್ಲಿ ಅನುಭವ ಇರೋ ಒಬ್ಬರನ್ನ ಮೊದಲ ತಿಂಗಳಲ್ಲೇ ಪರಿಚಯ ಮಾಡ್ಕೊಳ್ಳಿ. ಅವರು ನಿಮ್ಮ ಕಾಲೇಜಿನವರಾಗಿರದೇ ಇದ್ರೇನೇ ಒಳ್ಳೇದು, ಮನಸ್ಸು ಬಿಚ್ಚಿ ಕೇಳಬಹುದು.

ಫೋನಲ್ಲಿ "ಮೇಡಂ ಗೈಡ್ ಮಾಡಿ" ಅಂದ್ರೆ ಏನೂ ಆಗಲ್ಲ, ಅವರಿಗೂ ಕೆಲಸ ಇರುತ್ತೆ. ಒಂದು ಕೆಲಸ ಹಿಡ್ಕೊಂಡು ಹೋಗಿ. ಕಾಲೇಜುಗಳಿಗೆ ಇ-ಬುಕ್, ಇ-ಜರ್ನಲ್ ಕೊಡೋ ಎನ್-ಲಿಸ್ಟ್‌ಗೆ ಮಕ್ಕಳ ಹೆಸರು ಸೇರಿಸೋದು ಹೇಗೆ, ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್‌ನಲ್ಲಿ ಹಾಕಿರೋ ಡೇಟಾ ಬ್ಯಾಕಪ್ ಎಲ್ಲಿ ಇಡ್ತೀರ, ಅದನ್ನ ವಾಪಸ್ ತೆಗೆದು ನೋಡಿದೀರಾ, ಕಳೆದುಹೋದ ಪುಸ್ತಕಾನ ಆಕ್ಸೆಶನ್ ರಿಜಿಸ್ಟರ್‌ನಲ್ಲಿ (ಬಂದ ಪುಸ್ತಕಕ್ಕೆಲ್ಲ ನಂಬರ್ ಕೊಟ್ಟು ಬರೆಯೋ ಪುಸ್ತಕ) ಹೇಗೆ ತೋರಿಸ್ತೀರ, ಇಂಥದ್ದು ಕೇಳಿ. ಕಾಲೇಜಿನ ಗುಣಮಟ್ಟ ಅಳೆಯೋ ನ್ಯಾಕ್‌ನ ನಾಲ್ಕನೇ ಕ್ರೈಟೀರಿಯನ್‌ಗೆ (ಲೈಬ್ರರಿ ಬರೋ ಭಾಗ) ಅವರು ಇಟ್ಟಿರೋ ಫೈಲ್ ಒಂದ್ಸಲ ಕಣ್ಣಾರೆ ನೋಡಿದ್ರೆ ಅರ್ಧ ಭಯ ಅಲ್ಲೇ ಹೋಗುತ್ತೆ.

ಇನ್ನೊಂದು, ನಿಮ್ಮ ಜೊತೆ ಸೇರಿರೋರೇ ಮೂರ್ನಾಲ್ಕು ಜನ ಒಂದು ಗುಂಪು ಮಾಡ್ಕೊಳ್ಳಿ. ಹಿರಿಯರ ಹತ್ರ ಕೇಳೋಕೆ ಸಂಕೋಚ ಆಗೋದು, ಪ್ರಿನ್ಸಿಪಾಲರು ಬಜೆಟ್ ಕಟ್ ಮಾಡಿದ್ರೆ ಹೇಗೆ ಮಾತಾಡೋದು, ಲೈಬ್ರರಿ ಬಿಟ್ಟು ಪರೀಕ್ಷಾ ಕೆಲಸಕ್ಕೆ ಎಳೆದ್ರೆ ಏನ್ಮಾಡೋದು, ಇದೆಲ್ಲ ಅಲ್ಲೇ ಸಲೀಸಾಗಿ ಬರೋದು. ಸ್ಟಾಕ್ ವೆರಿಫಿಕೇಶನ್, ಅಂದ್ರೆ ಪುಸ್ತಕ ಎಲ್ಲ ಇದೆಯಾ ಅಂತ ತಾಳೆ ನೋಡೋ ಟೈಮಲ್ಲಿ, ಪರ್ಮಿಶನ್ ತಗೊಂಡು ಒಬ್ಬರ ಲೈಬ್ರರಿಗೆ ಇನ್ನೊಬ್ಬರು ಹೋಗಿ ಕೈಜೋಡಿಸಿ, ಕೆಲಸ ಬೇಗ ಮುಗಿಯುತ್ತೆ, ಜೊತೆಗೆ ಬೇರೆಯವರು ಕಪಾಟು ಹೇಗೆ ಜೋಡಿಸಿದಾರೆ ಅಂತಾನೂ ಗೊತ್ತಾಗುತ್ತೆ.

ತುಮಕೂರು ಟೌನ್‌ನಲ್ಲಿರೋರು ಯಾರಾದ್ರೂ ಹೊಸಬರಿಗೆ ಟೈಮ್ ಕೊಡೋಕೆ ರೆಡಿ ಇದ್ರೆ ಕೆಳಗೆ ಕಾಲೇಜಿನ ಹೆಸರು ಹಾಕಿ, ಜೊತೆ ಮಾಡಿಸ್ತೀನಿ.